ಗಾಣದ ತೆಂಗಿನೆಣ್ಣೆಗೆ ಅಯೋಡಿನ್ ಮೌಲ್ಯ 11.4 ಬಂದರೆ ಕಲಬೆರಕೆಯೇ?

ಗಾಣದಮನೆ, ಸೋಮವಾರಪೇಟೆ:
ಕೊಬ್ಬರಿ ನಮ್ಮದೇ, ಗಾಣವೂ ನಮ್ಮದೇ. ಆದರೂ ಲ್ಯಾಬ್ ರಿಪೋರ್ಟಿನಲ್ಲಿ ಅಯೋಡಿನ್ ಮೌಲ್ಯ (ಎಣ್ಣೆ ಎಷ್ಟು ಅಯೋಡಿನ್ ಹೀರುತ್ತೆ ಅನ್ನೋ ಅಳತೆ; ಅಪರ್ಯಾಪ್ತ ಕೊಬ್ಬು ಹೆಚ್ಚಿದ್ದಷ್ಟೂ ಹೆಚ್ಚು) 11.4. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಮಿತಿ 7.5ರಿಂದ 10. ಪಾಮೋಲಿನ್ (ತಾಳೆ ಎಣ್ಣೆಯ ತಿಳಿ ಭಾಗ) ಬೆರೆಸಿದ್ದೀರಿ ಅಂತ ಅಂಗಡಿಯವರು ಮಾಲು ವಾಪಸ್ ಕಳಿಸಿದ್ದಾರೆ. ಫ್ರಿಜ್ಜಿನಲ್ಲಿಟ್ಟರೆ ಎಣ್ಣೆ ಚೆನ್ನಾಗಿಯೇ ಗಟ್ಟಿಯಾಗುತ್ತೆ. ಮತ್ತೆ ಹೀಗೇಕೆ?

ಬ್ಯುರೆಟ್, ಮಡಿಕೇರಿ:
ಫ್ರಿಜ್ಜಿನ ಪರೀಕ್ಷೆ ನಂಬಬೇಡಿ ಸರ್, ತಾಳೆ ಎಣ್ಣೆಯೂ ಗಟ್ಟಿಯಾಗುತ್ತೆ. ಸ್ಯಾಂಪಲ್ ಹೇಗೆ ತೆಗೆದರು ಅಂತ ಮೊದಲು ಕೇಳಿ. ನಮ್ಮ ಮಳೆಗಾಲದ ಚಳಿಗೆ ಬಾಟಲಿಯ ತಳದಲ್ಲಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ, ಮೇಲೆ ತಿಳಿ ನಿಂತಿರುತ್ತೆ. ಅಯೋಡಿನ್ ಹೀರುವ ಓಲಿಯಿಕ್ ಆಮ್ಲದ ಪಾಲು ಆ ತಿಳಿಯಲ್ಲೇ ಹೆಚ್ಚು. ಅದನ್ನಷ್ಟೇ ಎಳೆದರೆ ಶುದ್ಧ ಎಣ್ಣೆಗೂ ಮೌಲ್ಯ ಏರುತ್ತೆ. ಇಡೀ ಬಾಟಲಿಯನ್ನು 50 ಡಿಗ್ರಿ ನೀರಿನಲ್ಲಿ ಪೂರ್ತಿ ಕರಗಿಸಿ, ಕಲಕಿ, ಆಮೇಲೆ ಸುಮಾರು 1 ಗ್ರಾಂ ತೂಗಬೇಕು. 25 ಮಿಲಿ ವೈಸ್ ದ್ರಾವಣ (ಈ ಪರೀಕ್ಷೆಯ ಅಯೋಡಿನ್ ದ್ರಾವಣ) ಹಾಕಿ ಅರ್ಧ ಗಂಟೆ ಕತ್ತಲೆಯಲ್ಲಿಡಬೇಕು. ಜೊತೆಗೊಂದು ಬ್ಲ್ಯಾಂಕ್, ಅಂದರೆ ಎಣ್ಣೆ ಹಾಕದೆ ಮಾಡುವ ಅದೇ ಪರೀಕ್ಷೆ, ಇರಲೇಬೇಕು; ಎರಡರ ವ್ಯತ್ಯಾಸದಿಂದಲೇ ಮೌಲ್ಯ ಸಿಗೋದು. ವೈಸ್ ದ್ರಾವಣದಲ್ಲಿರುವ ಗ್ಲೇಸಿಯಲ್ ಅಸಿಟಿಕ್ ಆಮ್ಲ ಶುದ್ಧವಾಗಿದ್ದಾಗ 16.6 ಡಿಗ್ರಿಗೇ ಹೆಪ್ಪುಗಟ್ಟುವಂಥದ್ದು, ಬಿಸಿ ತಾಗಿದರೆ ಬೇಗ ಹಿಗ್ಗುವಂಥದ್ದು. ಬ್ಲ್ಯಾಂಕಿಗೆ ತಣ್ಣಗಿದ್ದಾಗ, ಸ್ಯಾಂಪಲ್ಲಿಗೆ ಬೆಚ್ಚಗಾದ ಮೇಲೆ ಪಿಪೆಟ್ ಮಾಡಿದರೆ ಲೆಕ್ಕವೇ ತಪ್ಪುತ್ತೆ.

ಹಿಂಡಿ, ಕುಶಾಲನಗರ:
ಅದೇ ಗಾಣದಲ್ಲಿ ಎಳ್ಳು ಆಡಿಸ್ತೀರಾ? ಎಳ್ಳೆಣ್ಣೆಯ ಮೌಲ್ಯ 110ರ ಆಸುಪಾಸು. 8.5 ಇರುವ ತೆಂಗಿನೆಣ್ಣೆಗೆ ನೂರಕ್ಕೆ ಮೂರು ಪಾಲು ಸೇರಿದರೂ 11.5 ಆಗುತ್ತೆ.

ಗಾಣದಮನೆ:
ಹೌದು, ಎಳ್ಳೂ ಆಡಿಸ್ತೇವೆ. ಹಿಂಡಿ ತೆಗೆದು ಬಟ್ಟೆಯಲ್ಲಿ ಒರೆಸ್ತೇವೆ.

ಹಿಂಡಿ:
ಒರೆಸಿದರೆ ಸಾಲದು, ಒರಳಿನ ಸಂದಿಯಲ್ಲಿ ಹಿಂಡಿ ಉಳಿದೇ ಉಳಿಯುತ್ತೆ. ಎಳ್ಳಾದ ಮೇಲೆ ಸ್ವಲ್ಪ ಕೊಬ್ಬರಿ ಆಡಿಸಿ, ಆ ಎಣ್ಣೆಯನ್ನು ಬೇರೆ ಇಡಿ. ಅನುಮಾನ ತೀರಲು ಎಳ್ಳೆಣ್ಣೆ ಪತ್ತೆಹಚ್ಚುವ ಬೌಡೌಯಿನ್ ಪರೀಕ್ಷೆ ಮಾಡಿಸಿ, ಖರ್ಚು ಕಡಿಮೆ. 5 ಮಿಲಿ ಎಣ್ಣೆಗೆ 5 ಮಿಲಿ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ, ಶೇ 2ರ ಫರ್ಫ್ಯುರಾಲ್ ದ್ರಾವಣ 0.4 ಮಿಲಿ ಸೇರಿಸಿ ಎರಡು ನಿಮಿಷ ಜೋರಾಗಿ ಕುಲುಕಬೇಕು. ಕೆಳಗಿನ ಆಮ್ಲದ ಪದರ ಗುಲಾಬಿಯಾದರೆ 5 ಮಿಲಿ ನೀರು ಹಾಕಿ ಮತ್ತೆ ಕುಲುಕಿ. ಬಣ್ಣ ನಿಂತರೆ ಎಳ್ಳೆಣ್ಣೆ ಇದೆ, ಹೋದರೆ ಇಲ್ಲ. ಹೊಗೆಯಾಡುವ ಆಮ್ಲ, ಮನೆಯಲ್ಲಿ ಮಾಡೋದು ಬೇಡ.

ಬ್ಯುರೆಟ್:
ಎಳ್ಳು ಸಿಕ್ಕಿತು ಅಂದ ಮಾತ್ರಕ್ಕೆ ಪಾಮೋಲಿನ್ ಇಲ್ಲ ಅಂತಾಗಲ್ಲ. ಎಣ್ಣೆಯಲ್ಲಿ ಯಾವ ಕೊಬ್ಬಿನಾಮ್ಲ ಎಷ್ಟಿದೆ ಅಂತ ತೋರಿಸುವ ಗ್ಯಾಸ್ ಕ್ರೊಮ್ಯಾಟೊಗ್ರಫಿಯನ್ನೂ ಮಾಡಿಸಿ. ಪಾಮೋಲಿನ್ನಿಂದಲೇ 11.4 ಬರಬೇಕಾದರೆ ನೂರಕ್ಕೆ ಆರರಷ್ಟು ಬೆರೆತಿರಬೇಕು, ಆಗ ತಾಳೆ ಎಣ್ಣೆಯಲ್ಲಿ ಹೆಚ್ಚಿರುವ ಪಾಮಿಟಿಕ್ ಆಮ್ಲ ಏರುತ್ತೆ. ಎಳ್ಳಾದರೆ ಪಾಮಿಟಿಕ್ ಏರದು, ಎಳ್ಳೆಣ್ಣೆಯಲ್ಲಿ ಹೆಚ್ಚಿರುವ ಲಿನೋಲಿಯಿಕ್ ಆಮ್ಲ ಏರುತ್ತೆ. ಅಂಗಡಿಯವರಿಗೆ ಆ ರಿಪೋರ್ಟನ್ನೇ ಕೊಡಿ. ಅಯೋಡಿನ್ ಮೌಲ್ಯವೊಂದನ್ನೇ ಹಿಡಿದುಕೊಂಡು ಅವರು ಮಾಲು ಒಪ್ಪಿಕೊಳ್ಳುವುದೂ ಸರಿಯಲ್ಲ: ತಾಳೆ ಬೀಜದ ಎಣ್ಣೆ ನೂರಕ್ಕೆ ಹತ್ತು ಬೆರೆಸಿದರೂ ಅದು 10ರ ಒಳಗೇ ಉಳಿಯಬಹುದು.