ಹೊಗೆಯನ್ನು ಒಳಗೆಳೆದುಕೊಳ್ಳದಿದ್ದರೆ ಸಿಗಾರ್ ಅಪಾಯಕಾರಿಯಲ್ಲವೇ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮ ಭಾವನವರು ಬಹಳ ವರ್ಷ ಸಿಗರೇಟು ಸೇದಿ ಬಿಟ್ಟವರು. ಈಗ ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಸಿಗಾರ್ ಸೇದುತ್ತಾರೆ. ಹೊಗೆಯನ್ನು ಬಾಯಲ್ಲಿ ಇಟ್ಟುಕೊಂಡು ಬಿಟ್ಟುಬಿಡುವುದರಿಂದ ಇದು ಚಟವೂ ಅಲ್ಲ, ಅಪಾಯವೂ ಇಲ್ಲ ಎನ್ನುತ್ತಾರೆ. ಅಕ್ಕನಿಗೆ ಆತಂಕ ಹೋಗಿಲ್ಲ. ಅವರ ಮಾತು ಎಷ್ಟು ನಿಜ?

ಉತ್ತರ (ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ತಜ್ಞರು): ಹೊಗೆಯನ್ನು ಒಳಗೆಳೆದುಕೊಳ್ಳದವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸಿಗರೇಟು ಸೇದುವವರಿಗಿಂತ ಕಡಿಮೆ ಎಂಬಷ್ಟು ಮಾತ್ರ ನಿಜ, ಆದರೂ ಎಂದೂ ಸೇದದವರಿಗಿಂತ ಅದು ಹೆಚ್ಚೇ. ಉಳಿದದ್ದನ್ನು ನಾನು ಒಪ್ಪಲಾರೆ.

ಸಿಗರೇಟಿನ ಹೊಗೆ ತುಸು ಆಮ್ಲೀಯವಾಗಿರುವುದರಿಂದ ಅದರ ನಿಕೋಟಿನ್ ರಕ್ತಕ್ಕೆ ಸೇರಬೇಕಾದರೆ ಹೆಚ್ಚಾಗಿ ಶ್ವಾಸಕೋಶವನ್ನೇ ತಲುಪಬೇಕು. ಸಿಗಾರಿನ ಎಲೆಯನ್ನು ಗಾಳಿಯಲ್ಲಿ ಒಣಗಿಸಿ, ಹುದುಗು ಬರಿಸಿ ಹದ ಮಾಡುತ್ತಾರೆ. ಅದರ ಹೊಗೆ ಕ್ಷಾರೀಯ. ಹಾಗಾಗಿ ಅದರಲ್ಲಿರುವ ನಿಕೋಟಿನ್ ಕೆನ್ನೆಯ ಒಳಪದರದ ಮೂಲಕವೇ ರಕ್ತಕ್ಕೆ ಇಳಿಯುತ್ತದೆ, ಹೊತ್ತಿಸದೆ ತುಟಿಯಲ್ಲಿ ಕಚ್ಚಿಕೊಂಡಿದ್ದರೂ ಸ್ವಲ್ಪ ಸೇರುತ್ತದೆ. ಹುದುಗು ಬರುವಾಗ ಎಲೆಯಲ್ಲಿ ಹೆಚ್ಚುವ ನೈಟ್ರೋಸಮೀನ್‌ಗಳು ಕ್ಯಾನ್ಸರ್‌ಕಾರಕ. ಅವು ಜೊಲ್ಲಿನಲ್ಲಿ ಕರಗಿ, ನುಂಗಿದಾಗ ಅನ್ನನಾಳದ ಉದ್ದಕ್ಕೂ ತಾಗುತ್ತವೆ. ಪ್ರತಿದಿನ ಸಿಗಾರ್ ಸೇದುವವರಲ್ಲಿ ಬಾಯಿ, ಧ್ವನಿಪೆಟ್ಟಿಗೆ ಮತ್ತು ಅನ್ನನಾಳದ ಕ್ಯಾನ್ಸರ್ ಹೆಚ್ಚಾಗಿ ಕಾಣುವುದು ಈ ಕಾರಣದಿಂದಲೇ. ಒಸಡಿನ ಕಾಯಿಲೆ, ಹಲ್ಲು ಸಡಿಲವಾಗುವುದು ಇದ್ದದ್ದೇ.

‘ಒಂದೇ ಒಂದು’ ಎಂಬ ಲೆಕ್ಕವೂ ದಾರಿ ತಪ್ಪಿಸುತ್ತದೆ. ಒಂದು ಸಿಗರೇಟಿನಲ್ಲಿ ಒಂದು ಗ್ರಾಂಗಿಂತ ಕಡಿಮೆ ತಂಬಾಕಿದ್ದರೆ, ದೊಡ್ಡ ಸಿಗಾರಿನಲ್ಲಿ 5ರಿಂದ 17 ಗ್ರಾಂವರೆಗೂ ಇರುತ್ತದೆ; ಅಂದರೆ ಕೆಲವು ಸಿಗಾರುಗಳಲ್ಲಿ ಒಂದು ಪ್ಯಾಕೆಟ್ ಸಿಗರೇಟಿನಷ್ಟು. ನಿಮ್ಮ ಭಾವನವರ ವಿಷಯದಲ್ಲಿ ನನಗೆ ಹೆಚ್ಚು ಚಿಂತೆಯಾಗುವುದು ಅವರ ಹಳೆಯ ಅಭ್ಯಾಸದಿಂದ: ಸಿಗರೇಟು ಬಿಟ್ಟು ಸಿಗಾರಿಗೆ ಬಂದವರು ತಮಗೆ ತಿಳಿಯದೆಯೇ ಹೊಗೆಯನ್ನು ಒಳಗೆಳೆದುಕೊಳ್ಳುತ್ತಾರೆ, ಆಗ ಹೃದಯ ಮತ್ತು ಶ್ವಾಸಕೋಶದ ಅಪಾಯವೂ ಏರುತ್ತದೆ.

ಇನ್ನೊಬ್ಬ ಸದಸ್ಯರು: ಸರ್, ರಾತ್ರಿ ಒಂದೇ ಸಲ ಸೇದುವುದನ್ನು ಚಟ ಎನ್ನಬಹುದೇ?

ಉತ್ತರ: ವರ್ಷಕ್ಕೆ ಒಂದೆರಡು ಸಲ ಮದುವೆ ಮನೆಯಲ್ಲಿ ಸೇದುವವರನ್ನು ನಾನು ಹಾಗೆನ್ನುವುದಿಲ್ಲ. ಪ್ರತಿದಿನ ಸೇದುವವರು ಒಂದು ವಾರ ಬಿಟ್ಟು ನೋಡಲಿ. ಆ ಹೊತ್ತಿಗೆ ಸಿಡುಕು, ಚಡಪಡಿಕೆ ಕಾಣಿಸಿಕೊಂಡು, ನಿದ್ದೆಯೂ ಕೆಟ್ಟರೆ ದೇಹ ನಿಕೋಟಿನ್ ಕೇಳುತ್ತಿದೆ ಎಂದೇ ಅರ್ಥ.

ಸಿಗಾರಿನ ಹಿಡಿತ ಎಂಥದು ಎಂಬುದಕ್ಕೆ ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಅವರಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ಸ್ವತಃ ವೈದ್ಯರಾಗಿದ್ದ ಅವರಿಗೆ 1894ರ ಸುಮಾರಿಗೆ ಹೃದಯದ ತೊಂದರೆ ಕಾಣಿಸಿಕೊಂಡಾಗ, ವೈದ್ಯಮಿತ್ರ ಫ್ಲೀಸ್ ಸಿಗಾರ್ ಬಿಡಲು ಹೇಳಿದರು. ಬಿಟ್ಟರು, ಮತ್ತೆ ಹಿಡಿದರು. 1923ರಲ್ಲಿ ಅಂಗುಳ ಮತ್ತು ದವಡೆಯಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಮೇಲ್ದವಡೆಯ ಒಂದು ಭಾಗವನ್ನೇ ತೆಗೆದುಹಾಕಿ, ಬಾಯಿಗೂ ಮೂಗಿಗೂ ನಡುವೆ ಕೃತಕ ಅಂಗುಳ ಕೂರಿಸಬೇಕಾಯಿತು. ಮಾತಾಡುವುದು, ಉಣ್ಣುವುದು ಎರಡೂ ಸಂಕಟವಾದವು. 1939ರಲ್ಲಿ ಲಂಡನ್ನಿನಲ್ಲಿ ತೀರಿಕೊಳ್ಳುವವರೆಗೆ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಆ ನೋವಿನ ನಡುವೆಯೂ ಅವರು ಸಿಗಾರ್ ಸೇದುವುದನ್ನು ಬಿಡಲಾಗಲಿಲ್ಲ. ಅರಿವಿನ ಕೊರತೆಯಿಂದ ಹೀಗಾಯಿತು ಎಂದು ಅಂಥವರ ಬಗ್ಗೆ ಯಾರೂ ಹೇಳಲಾರರು.

ಮೊದಲ ಸದಸ್ಯರು: ಧನ್ಯವಾದ ಡಾಕ್ಟರೇ. ಈಗ ನಾವು ಮೊದಲು ಏನು ಮಾಡಬೇಕು?

ಉತ್ತರ: ಮೊದಲು ಬಾಯಿಯ ತಪಾಸಣೆ ಮಾಡಿಸಿ. ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ, ಅಂಗುಳದಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಸರಿಯಾಗದ ಗಂಟಲು ಒಡಕು, ನುಂಗಲು ಕಷ್ಟ ಇದ್ದರೆ ತಡಮಾಡಬೇಡಿ. ಬಿಡಲು ನೆರವು ಬೇಕಾದರೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ನಿಕೋಟಿನ್ ಗಮ್ಮನ್ನು ವೈದ್ಯರನ್ನು ಕೇಳಿಯೇ ಬಳಸಲಿ. ಆಸ್ಪತ್ರೆಯಲ್ಲಿ ‘ಧೂಮಪಾನ ಇದೆಯೇ’ ಎಂದು ಕೇಳಿದಾಗ ಸಿಗಾರ್ ಸೇದುವವರಲ್ಲಿ ಹಲವರು ಇಲ್ಲ ಎಂದು ಬರೆಸುತ್ತಾರೆ. ಹಿಂದಿನ ಸಿಗರೇಟು, ಈಗಿನ ಸಿಗಾರ್ ಎರಡನ್ನೂ ಭಾವನವರು ಬಾಯಿಬಿಟ್ಟು ಹೇಳುವಂತೆ ಅಕ್ಕ ಜೊತೆಗೆ ಹೋಗಲಿ.