ಲೋಟಸ್ ಯುರೋಪಾ ಊರಿಗೆ ತರಿಸಿ ಎಂಜಿನ್ ಬದಲಿಸುವುದು: ಗೊತ್ತಿದ್ದವರು ಹೇಳಿ

ಪ್ರಶ್ನೆ (ಉಡುಪಿ): ಇಂಗ್ಲೆಂಡಿನಲ್ಲಿರುವ ಭಾವ ಲೋಟಸ್ ಕಂಪನಿಯ ಎರಡು ಹಳೇ ಸ್ಪೋರ್ಟ್ಸ್ ಕಾರು ನೋಡಿಟ್ಟಿದ್ದಾರೆ. ಒಂದು 1999ರ ಲೋಟಸ್ ಎಲೀಸ್, ರೋವರ್ ಕೆ-ಸೀರೀಸ್ ಎಂಜಿನ್ ತೆಗೆದು ಹೋಂಡಾ ಕೆ20 ಕೂರಿಸಿದ್ದು. ಇನ್ನೊಂದು 1970ರ ಯುರೋಪಾ ಎಸ್2, ರೆನೋ 1470 ಸಿಸಿ ಎಂಜಿನ್, ಸ್ಟಿಯರಿಂಗ್ ಬಲಕ್ಕೇ ಉಂಟು. ಇಲ್ಲಿಗೆ ತರ್ಲಿಕ್ಕೆ ಯಾವುದು ಆಗ್ತದೆ? ಯುರೋಪಾ ಆದ್ರೆ ದೊಡ್ಡ ಎಂಜಿನ್ ಹಾಕಬಹುದಾ? ನಮ್ಮ ಮಳೆ, ಉಪ್ಪುಗಾಳಿಗೆ ಎಂತ ಮಾಡ್ಬೇಕು?

ಪಣಂಬೂರಿನಿಂದ: ಎಲೀಸ್ ಮರೆತುಬಿಡಿ. ಬಳಸಿದ ಕಾರು ತರುವುದಾದ್ರೆ ತಯಾರಾಗಿ ಮೂರು ವರ್ಷ ದಾಟಿರಬಾರದು, ಇಳಿಸ್ಲಿಕ್ಕೆ ಇರುವುದು ಮುಂಬೈ ಬಂದರು ಮಾತ್ರ. ನಮ್ಮ ಮಂಗಳೂರು ಬಂದರಿಗೇ ಬರ್ತದೆ ಅಂತ ಯಾರಾದ್ರೂ ಹೇಳಿದ್ರೆ ಮುಂಗಡ ಕೊಡ್ಬೇಡಿ. ವಿಂಟೇಜ್ ದಾರಿ ಬೇರೆ. ಮೊದಲು 1950ರ ಹಿಂದಿನವಕ್ಕೆ ಮಾತ್ರ ಬಾಗಿಲು ತೆರೆದಿತ್ತು, 2025ರಲ್ಲಿ ಅದನ್ನು 50 ವರ್ಷ ದಾಟಿದ ಗಾಡಿಗಳಿಗೆ ವಿಸ್ತರಿಸಿದ್ರು. ನಿಮ್ಮ ಯುರೋಪಾ ಅದರೊಳಗೆ ಬರ್ತದೆ, ಎಲೀಸ್ ಎರಡೂ ಕಡೆಗೆ ಸಲ್ಲುವುದಿಲ್ಲ.

ಸುಂಕ ಗಾಡಿಯ ಬೆಲೆಯ ಮೇಲೆ ಮಾತ್ರ ಅಲ್ಲ. ಹಡಗು ಬಾಡಿಗೆ, ವಿಮೆ ಎರಡನ್ನೂ ಸೇರಿಸಿದ ಮೊತ್ತದ ಮೇಲೆ ಹಾಕ್ತಾರೆ. ಅಲ್ಲಿನ ನೋಂದಣಿ ಪತ್ರ ವಿ5ಸಿ ಅಂತ ಇರ್ತದೆ. ಅದರಲ್ಲಿರುವ ಚಾಸಿಸ್ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲೆ ಕೊರೆದದ್ದಕ್ಕೆ ಅಕ್ಷರಶಃ ಹೊಂದ್ತದಾ ಅಂತ ದುಡ್ಡು ಕೊಡುವ ಮೊದಲು ಭಾವನವರು ಫೋಟೋ ತೆಗೆದು ಕಳಿಸ್ಲಿ. ಒಂದಂಕಿ ವ್ಯತ್ಯಾಸ ಬಂದ್ರೂ ಕಸ್ಟಮ್ಸಿನಲ್ಲಿ ಕಂಟೇನರ್ ನಿಲ್ತದೆ, ದಿನಬಾಡಿಗೆ ಏರ್ತದೆ.

ಗಾಡಿ ಸುಮಾರು 4 ಮೀಟರ್ ಉದ್ದ, 20 ಅಡಿ ಕಂಟೇನರಿನಲ್ಲಿ ಆರಾಮ ಕೂರ್ತದೆ. ಪಟ್ಟಿ ಕಟ್ಟುವುದು ಚಕ್ರಕ್ಕೆ, ಫೈಬರ್ ಬಾಡಿಗೆ ತಾಗಬಾರದು. ಪೆಟ್ರೋಲ್ ತಳ ಮಟ್ಟಕ್ಕೆ ಇಳಿಸಿ, ಬ್ಯಾಟರಿ ಕಳಚಿ. ಮರದ ತುಂಡು ಇಟ್ಟರೆ ಕೀಟೋಪಚಾರದ ಮುದ್ರೆ ಇರುವುದೇ ಆಗಬೇಕು. ಜೂನ್‌ನಿಂದ ಸೆಪ್ಟೆಂಬರಿನೊಳಗೆ ತಲುಪುವ ಹಾಗೆ ಬುಕ್ ಮಾಡ್ಬೇಡಿ. ಮುಂಬೈಯಿಂದ ಇಲ್ಲಿವರೆಗೆ ಲಾರಿಯಲ್ಲಿ ಬರ್ಬೇಕಲ್ಲ.

ಕದ್ರಿಯಿಂದ: ಎಂಜಿನ್ ವಿಷಯಕ್ಕೆ ಮುಂಚೆ ಒಂದು ಮಾತು. 2021ರ ವಿಂಟೇಜ್ ನೋಂದಣಿ ನಿಯಮ ಕೇಳುವುದು ಮೂಲರೂಪದ ಗಾಡಿ. ಚಾಸಿಸ್, ಬಾಡಿ, ಎಂಜಿನ್ ಯಾವುದರಲ್ಲೂ ದೊಡ್ಡ ಮಾರ್ಪಾಡು ಇರ್ಬಾರ್ದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ, ನಂಬರಿನಲ್ಲಿ ‘ವಿಎ’ ಇರ್ತದೆ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ದಿನಾ ಮಣಿಪಾಲಕ್ಕೆ ಕೆಲಸಕ್ಕೆ ಹೋಗ್ಲಿಕ್ಕೆ ಅಲ್ಲ. ಯುರೋಪಾಕ್ಕೆ ಹೋಂಡಾ ಎಂಜಿನ್ ಕೂರಿಸಿದ ದಿನವೇ ಆ ‘ವಿಎ’ಗೆ ಆಧಾರ ಹೋಯ್ತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಕಂಪನಿ ಕೊಟ್ಟ ವಿವರಕ್ಕೆ ಹೊರತಾದ ಬದಲಾವಣೆಯನ್ನು ಒಪ್ಪುವುದಿಲ್ಲ.

ಬೈಕಂಪಾಡಿಯಿಂದ: ಕದ್ರಿಯವರು ಹೇಳಿದ್ದು ಸರಿ. ಹಾಗಂತ ಎಂಜಿನಿಗೆ ಕೈ ಹಾಕದೆ ಇರ್ಲಿಕ್ಕೂ ಆಗುವುದಿಲ್ಲ, ಮಾರಾಯ್ರೆ. 50 ವರ್ಷದ ಅಲ್ಯೂಮಿನಿಯಂ ಬ್ಲಾಕ್ ಅದು.

ಇದೇ ಬ್ಲಾಕಿನ ಅಳತೆ ನೋಡಿ: 1470ಕ್ಕೆ ಬೋರ್ (ಸಿಲಿಂಡರಿನ ಅಗಲ) 76, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 81 ಮಿಮೀ. 1565ಕ್ಕೆ 77 ಮತ್ತು 84. ರೆನೋ 16 ಟಿಎಕ್ಸ್ ಕಾರಿನ 1647ಕ್ಕೆ 79 ಮತ್ತು 84. ಇಂಗ್ಲೆಂಡಿನಲ್ಲಿ ಯುರೋಪಾದವರು 1647 ಹಾಕುವುದು ಇದಕ್ಕೇ: ಅಡಾಪ್ಟರ್ ಪ್ಲೇಟ್ ಬೇಡ, ಹಳೇ ಗೇರ್‌ಬಾಕ್ಸಿಗೇ ಕೂರ್ತದೆ. ಟಿಎಕ್ಸ್ ಹೆಡ್ಡಿನಲ್ಲಿ ಇನ್‌ಟೇಕ್ ಒಂದು ಕಡೆ, ಎಕ್ಸಾಸ್ಟ್ ಇನ್ನೊಂದು ಕಡೆ, ಹಾಗಾಗಿ ಮ್ಯಾನಿಫೋಲ್ಡ್, ಆಕ್ಸಿಲರೇಟರ್ ಕೇಬಲ್ ಹೊಸತಾಗಿ ಮಾಡಿಸ್ಬೇಕು. ಫೋರ್ಡ್ ಜೆಟೆಕ್ ಹಾಕಿದ್ದನ್ನೂ ನೋಡಿರ್ಬಹುದು, ಅದು ಸಲೀಸಾಗುವುದು ಟ್ವಿನ್ ಕ್ಯಾಮ್ ಯುರೋಪಾಗಳಿಗೆ, ಅವುಗಳ ಎಂಜಿನ್ ಮೂಲವೇ ಫೋರ್ಡ್. ಆದರೆ 1647 ಆದ್ರೂ ನಂಬರ್, ಸಿಸಿ ಎರಡೂ ಬದಲಾಗ್ತದೆ. ನನ್ನ ಸಲಹೆ: ಇರುವ 1470ನ್ನೇ ಬಿಚ್ಚಿ ಸರಿಯಾಗಿ ಕಟ್ಟಿಸಿ. ಕೆಲವು ನೂರು ಕೆಜಿಯ ಗಾಡಿಗೆ ಅದು ಸಾಕು.

ಬಿಚ್ಚುವಾಗ ತಪ್ಪುವುದು ಒಂದೇ ಜಾಗದಲ್ಲಿ. ಇದು ವೆಟ್ ಲೈನರ್ ಎಂಜಿನ್, ಅಂದ್ರೆ ಪಿಸ್ಟನ್ ಓಡುವ ಕೊಳವೆ (ಲೈನರ್) ಬೇರೆಯೇ, ಅದರ ಸುತ್ತ ಕೂಲೆಂಟ್. ಲೈನರ್ ಬ್ಲಾಕಿಗೆ ಬಿಗಿಯಾಗಿ ಕೂತಿಲ್ಲ, ಹೆಡ್ ಒತ್ತಿ ಹಿಡಿದದ್ದರಿಂದ ನಿಂತಿದೆ ಅಷ್ಟೆ. ಬೋಲ್ಟ್ ತೆಗೆದು ಹೆಡ್ಡನ್ನು ಸೀದಾ ಮೇಲಕ್ಕೆ ಎಳೆದ್ರೆ ಗ್ಯಾಸ್ಕೆಟಿಗೆ ಅಂಟಿಕೊಂಡು ಲೈನರೂ ಎದ್ದು ಬರ್ತದೆ, ಅಡಿಯ ಸೀಲ್ ಹರೀತದೆ, ಕೂಲೆಂಟ್ ಕೆಳಗಿನ ಆಯಿಲ್ ತೊಟ್ಟಿಗೆ (ಸಂಪ್) ಇಳೀತದೆ. ಮರದ ಸುತ್ತಿಗೆಯಲ್ಲಿ ಹೆಡ್ಡಿನ ತುದಿಗೆ ಅಡ್ಡಕ್ಕೆ ತಟ್ಟಿ, ಸ್ವಲ್ಪ ತಿರುಗಿಸಿ ಅಂಟು ಬಿಡಿಸಿದ ಮೇಲೆ ಎತ್ತಿ. ತಕ್ಷಣ ವಾಷರ್, ಪಟ್ಟಿ ಹಾಕಿ ಲೈನರ್ ನಾಲ್ಕನ್ನೂ ಬ್ಲಾಕಿಗೆ ಬಿಗಿದುಬಿಡಿ. ಹೆಡ್ ಇಲ್ಲದಾಗ ಕ್ರ್ಯಾಂಕ್ ತಿರುಗಿಸಿದ್ರೂ ಅದೇ ಕತೆ. ಜೋಡಿಸುವಾಗ ಲೈನರ್ ಬ್ಲಾಕಿಗಿಂತ ಎಷ್ಟು ಮೇಲೆ ನಿಂತಿದೆ ಅಂತ ಡಯಲ್ ಗೇಜಿನಲ್ಲಿ ಅಳೆದು ಕೈಪಿಡಿಗೆ ಹೋಲಿಸಿ. ಒಂದು ತಗ್ಗಿದ್ರೆ ಅಲ್ಲಿಯೇ ಗ್ಯಾಸ್ಕೆಟ್ ಹೋಗ್ತದೆ.

ಬೋರ್‌ವೆಲ್ ನೀರು ಖಂಡಿತ ಬೇಡ. ಡಿಸ್ಟಿಲ್ಡ್ ನೀರು ಅರ್ಧ, ಗ್ಲೈಕಾಲ್ ಕೂಲೆಂಟ್ ಅರ್ಧ. ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ, ನಡುವೆ ಉದ್ದ ಪೈಪು. ಗಾಳಿ ಒಳಗೆ ಉಳಿದ್ರೆ ನಂತೂರಿನ ಟ್ರಾಫಿಕ್‌ನಲ್ಲಿ ಬಿಸಿ ತೋರಿಸುವ ಮುಳ್ಳು ಏರ್ತದೆ. ಗಾಳಿ ಪೂರ್ತಿ ಹೋಗುವವರೆಗೆ ನಿಧಾನ ತುಂಬಿಸಿ. ಈಗಿನ ಇ20 (20 ಶೇಕಡಾ ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಹಳೇ ರಬ್ಬರ್ ಪೈಪು ಉಬ್ಬಿ ಬಿರಿಯುತ್ತದೆ, ಎಂಜಿನ್ ಬೆನ್ನ ಹಿಂದೆಯೇ ಇರುವುದರಿಂದ ಅದು ಬೆಂಕಿಯ ವಿಷಯ. ಎಥನಾಲ್ ತಡೆಯುವ ಪೈಪು ಮೊದಲೇ ಹಾಕಿ.

ಮಲ್ಪೆಯಿಂದ: ಫೈಬರ್ ಬಾಡಿಗೆ ತುಕ್ಕಿಲ್ಲ, ಅದರ ಕೆಳಗಿನ ಕಬ್ಬಿಣದ ಬೆನ್ನೆಲುಬಿಗೆ ಉಂಟು. ಮುಂದೆ ಸಸ್ಪೆನ್ಷನ್ ಹಿಡಿಯುವ ‘ಟಿ’ ಪೆಟ್ಟಿಗೆ ಒಳಗಿಂದ ತಿನ್ನಿಸಿಕೊಳ್ತದೆ, ಹೊರಗೆ ಪೇಂಟ್ ಚಂದ ಕಾಣ್ತದೆ. ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಕೇಳಿ. ಗಟ್ಟಿ ಕಬ್ಬಿಣ ಟಣ್ ಅಂತದೆ, ಹೋದದ್ದು ಡಬ್ ಅಂತದೆ. ಸರಿ ಇದ್ರೆ ಏಪ್ರಿಲ್‌ನಲ್ಲಿ ಒಳಗೆ ಮೇಣ ಸಿಂಪಡಿಸಿ, ನೀರಿಳಿಯುವ ತೂತು ಮುಚ್ಚಬೇಡಿ.

ಬಾಡಿ ಬಿರುಕು ಮುಚ್ಚಲು ಬೋಟಿನ ಫೈಬರ್ ಕೆಲಸದವರು ಇಲ್ಲೇ ಇದ್ದಾರೆ. ಆದ್ರೆ ಬೋಟಿಗೆ ಹಾಕುವ ದಪ್ಪ ನೆಯ್ಗೆಯ ರೋವಿಂಗ್ ಬೇಡ ಅಂತ ಮೊದಲೇ ಹೇಳಿ, ಚದರ ಮೀಟರಿಗೆ 300 ಇಲ್ಲ 450 ಗ್ರಾಂ ತೂಗುವ ಫೈಬರ್ ಮ್ಯಾಟ್ ಸಾಕು. ಬಿರುಕಿನ ಸುತ್ತ ಇಳಿಜಾರಾಗಿ ಉಜ್ಜಿ, ಮ್ಯಾಟಿನ ತೂಕದ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ರೆಸಿನ್, ಕ್ಯಾಟಲಿಸ್ಟ್ (ರೆಸಿನ್ ಗಟ್ಟಿ ಮಾಡುವ ದ್ರವ) ರೆಸಿನ್ನಿನ 1ರಿಂದ 2 ಶೇಕಡಾ. ಕ್ಯಾಟಲಿಸ್ಟನ್ನೂ ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್ ಆಕ್ಸಿಲರೇಟರನ್ನೂ ನೇರ ಒಟ್ಟಿಗೆ ಸುರಿದರೆ ಸ್ಫೋಟ ಆಗ್ತದೆ. ಒಂದನ್ನು ರೆಸಿನ್ನಿಗೆ ಚೆನ್ನಾಗಿ ಕಲಸಿದ ಮೇಲೆಯೇ ಇನ್ನೊಂದು. ಮಳೆಗಾಲದ ಆಟಿ ತಿಂಗಳಲ್ಲಿ ಈ ಕೆಲಸ ಮಾಡಿಸಿದ್ರೆ ಅಂಟಂಟು ಉಳೀತದೆ.

ಪ್ರಶ್ನೆ (ಉಡುಪಿ): ತುಂಬ ಉಪಕಾರ. ಗೇರ್‌ಬಾಕ್ಸ್ ಶಬ್ದ ಮಾಡ್ತದಂತೆ. ರೆನೋ 16ರದ್ದು ಹಳೇದು ಸಿಕ್ಕಿದ್ರೆ ಹಾಕಬಹುದಾ?

ಬೈಕಂಪಾಡಿಯಿಂದ: ಹಾಗೇ ಹಾಕಿದ್ರೆ ನಾಲ್ಕು ರಿವರ್ಸ್, ಒಂದು ಫಾರ್ವರ್ಡ್! ರೆನೋದಲ್ಲಿ ಅದು ಮುಂದಿನ ಚಕ್ರಕ್ಕೆ, ಲೋಟಸ್‌ನವರು ಎಂಜಿನ್ ಗೇರ್‌ಬಾಕ್ಸ್ ಎರಡನ್ನೂ ಹಿಂದುಮುಂದು ಮಾಡಿ ಇಟ್ಟಿದ್ದಾರೆ. ಒಳಗಿನ ದೊಡ್ಡ ಹಲ್ಲುಚಕ್ರ (ಕ್ರೌನ್ ವೀಲ್) ಅದನ್ನು ತಿರುಗಿಸುವ ಸಣ್ಣ ಚಕ್ರದ (ಪಿನಿಯನ್) ಆಚೆ ಬದಿಗೆ ತಿರುಗಿಸಿ ಕೂರಿಸ್ಬೇಕು, ಎರಡರ ಹಲ್ಲಿನ ನಡುವಿನ ಸಡಿಲ (ಬ್ಯಾಕ್‌ಲ್ಯಾಶ್) ಹೊಸತಾಗಿ ಸೆಟ್ ಮಾಡ್ಬೇಕು, ಮುಚ್ಚುವ ಮೊದಲು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಕೇಸಿಗೆ ಉಜ್ಜುವುದಿಲ್ಲ ಅಂತ ನೋಡ್ಬೇಕು. ಮೊದಲು ಡ್ರೈವ್‌ಶಾಫ್ಟಿನ ಒಳತುದಿಯ ರೋಲ್ ಪಿನ್ ನೋಡಿಸಿ. ಈ ಗಾಡಿಯಲ್ಲಿ ಆ ಶಾಫ್ಟೇ ಸಸ್ಪೆನ್ಷನ್ನಿನ ಮೇಲಿನ ಲಿಂಕ್ ಕೂಡ. ಹಿಂದೆ ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸ್ಲಿ. ಟಕ್ ಟಕ್ ಅಂದ್ರೆ ಗೇರ್‌ಬಾಕ್ಸ್ ಬಿಚ್ಚುವ ಮೊದಲು ಪಿನ್ ಮತ್ತು ಚಕ್ರದ ಬೇರಿಂಗ್ ಬದಲಿಸಿ ನೋಡ್ಲಿ.