ಡೆಸ್ಕ್‌ಟಾಪ್ ರ‍್ಯಾಮ್ ಬಗ್ಗೆ ಏನಿದ್ರೂ ಇಲ್ಲಿ ಕೇಳಿ

ರಾಘು (ಸಿಸ್ಟಮ್ ಅಸೆಂಬ್ಲಿ): ಇವತ್ತು ಅಂಗಡಿಗೆ ರಜೆ. ಸಂಜೆವರೆಗೂ ಉತ್ತರ ಕೊಡ್ತೀನಿ. ಡಿಡಿಆರ್5 ಡೆಸ್ಕ್‌ಟಾಪ್ ಮಾತ್ರ, ಲ್ಯಾಪ್‌ಟಾಪ್ ಬೇಡ.

ಮಂಜುನಾಥ, ಹಾಸನ: ರಾಘಣ್ಣ, ಎಎಂಡಿ ರೈಜನ್ 7600 ಸಿಪಿಯು ತಗೊಂಡಿದೀನಿ. 7200 ಸ್ಪೀಡಿನ ರ‍್ಯಾಮ್ ಹಾಕ್ಲಾ?

ರಾಘು: ಬೇಡ, 6000 ಸಾಕು. ಸಿಎಲ್30 (ಕೇಳಿದ ಡೇಟಾ ಬರೋಕೆ ಕಾಯೋ ಕ್ಲಾಕ್ ಎಣಿಕೆ), ಎಕ್ಸ್‌ಪೋ (ರ‍್ಯಾಮ್ ಸ್ಪೀಡ್ ಸೆಟ್ ಮಾಡೋ ಎಎಂಡಿ ಪ್ರೊಫೈಲ್) ಇರೋದು, 16 ಜಿಬಿದು ಎರಡು. 6000ಕ್ಕೆ ಸಿಎಲ್30 ಅಂದ್ರೆ 10 ನ್ಯಾನೋಸೆಕೆಂಡ್, 7200ಕ್ಕೆ ಸಿಎಲ್36 ಅಂದ್ರೂ ಅದೇ 10. ಮೇಲಾಗಿ 7200ರಲ್ಲಿ ಮೆಮೊರಿ ಕಂಟ್ರೋಲರ್ (ಸಿಪಿಯು ಒಳಗೆ ರ‍್ಯಾಮ್ ನೋಡ್ಕೊಳ್ಳೋ ಭಾಗ) ಅರ್ಧ ವೇಗಕ್ಕೆ ಇಳಿಯುತ್ತೆ. ಸಿಪಿಯು ಕಡೆಯಿಂದ ಎರಡನೇ, ನಾಲ್ಕನೇ ಸ್ಲಾಟ್‌ಗೆ ಹಾಕಿ. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಸ್ಕ್ರೀನ್ ಬರಲ್ಲ, ರ‍್ಯಾಮ್‌ಗೆ ಹೊಂದಿಸ್ಕೊಳ್ಳೋ ಟ್ರೇನಿಂಗ್ ನಡೀತಿರುತ್ತೆ. ಗಾಬರಿಯಾಗಿ ಸ್ವಿಚ್ ಆಫ್ ಮಾಡ್ಬೇಡಿ.

ಶ್ವೇತಾ: ಸರ್, ನಾಲ್ಕು ಸ್ಟಿಕ್ ಹಾಕಿದ್ರೆ ಸ್ಪೀಡ್ ಡಬಲ್ ಆಗುತ್ತಾ? ಮತ್ತೆ ಇಸಿಸಿ (ತಪ್ಪು ಬಿಟ್ ತಾನೇ ಸರಿಮಾಡೋ) ರ‍್ಯಾಮ್ ಬೇಕಾ?

ರಾಘು: ಇಲ್ಲ. ಸಿಪಿಯುಗೂ ರ‍್ಯಾಮ್‌ಗೂ ನಡುವೆ ಚಾನೆಲ್ (ಡೇಟಾ ದಾರಿ) ಇರೋದೇ ಎರಡು. ರೈಜನ್ 7000, 9000ರಲ್ಲಿ ನಾಲ್ಕು ಸ್ಟಿಕ್‌ಗೆ ಎಎಂಡಿ ಒಪ್ಪಿರೋದು 3600 ಸ್ಪೀಡ್ ಮಾತ್ರ. 64 ಜಿಬಿ ಬೇಕಿದ್ರೆ 32ರದ್ದು ಎರಡು ತಗೊಳ್ಳಿ.

ಬಸವರಾಜ, ಕಲಬುರಗಿ: ನಮಸ್ಕಾರ್ರಿ ಸರ್. 6000 ಸಿಎಲ್30 ಅದ. ರಾತ್ರಿಪೂರ್ತಿ ಮೆಮ್‌ಟೆಸ್ಟ್86 ಓಡಿಸೀನಿ, ಒಂದೂ ಎರರ್ ಬಂದಿಲ್ಲ. ಆದ್ರ ಗೇಮ್ ಹಚ್ಚಿ ಅರ್ಧ ತಾಸ್ ಆಗೂದ್ರಾಗ ನೀಲಿ ಸ್ಕ್ರೀನ್ ಬರ್ತದ. ಅಂಗಡಿಯವ್ರು ಸ್ಟಿಕ್ ಕೆಟ್ಟದ ಅಂತಾರ.

ರಾಘು: ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಮೆನು) ಎಕ್ಸ್‌ಪೋ ಬಿಟ್ಟು ಬೇರೆ ಏನಾದ್ರೂ ಮುಟ್ಟಿದೀರಾ? ಗೇಮ್ ನಡೆಯುವಾಗ ರ‍್ಯಾಮ್ ಟೆಂಪರೇಚರ್ ಎಷ್ಟು?

ಬಸವರಾಜ: ವಿಡಿಯೋ ನೋಡಿ ಟಿಆರ್‌ಇಎಫ್‌ಐ (ಎರಡು ರಿಫ್ರೆಶ್ ನಡುವಿನ ಅಂತರ) 65535 ಇಟ್ಟೀನ್ರಿ. ಟೆಂಪರೇಚರ್ 68 ತೋರಸ್ತದ.

ರಾಘು: ಸಿಕ್ತು ನೋಡಿ. ರ‍್ಯಾಮ್‌ನ ಒಂದೊಂದು ಬಿಟ್ ಅಂದ್ರೆ ಪುಟ್ಟ ಕೆಪಾಸಿಟರ್‌ನಲ್ಲಿರೋ ಚಾರ್ಜ್. ತೂತು ಬಿಂದಿಗೆ ಥರ ಸೋರ್ತಾನೇ ಇರುತ್ತೆ, ಬಿಸಿ ಏರಿದಷ್ಟೂ ಬೇಗ. ಅದಕ್ಕೇ ಡಿಡಿಆರ್5ರಲ್ಲಿ 3.9 ಮೈಕ್ರೋಸೆಕೆಂಡ್‌ಗೊಮ್ಮೆ ರಿಫ್ರೆಶ್ ಆಗಬೇಕು, 85 ಡಿಗ್ರಿ ದಾಟಿದ್ರೆ ಅದರ ಎರಡರಷ್ಟು ಸಲ. ಒಂದು ಕ್ಲಾಕ್‌ಗೆ ಎರಡು ಸಲ ಡೇಟಾ ಹೋಗೋದ್ರಿಂದ ನಿಮ್ಮ 6000 ರ‍್ಯಾಮ್‌ನ ಕ್ಲಾಕ್ 3000 ಮೆಗಾಹರ್ಟ್ಸ್, ಆ ಲೆಕ್ಕದಲ್ಲಿ ಟಿಆರ್‌ಇಎಫ್‌ಐ 11,700 ಕ್ಲಾಕ್ ಇರಬೇಕು. 65535 ಅಂದ್ರೆ ಹತ್ತಿರ ಹತ್ತಿರ 22 ಮೈಕ್ರೋಸೆಕೆಂಡ್, ಐದೂವರೆ ಪಟ್ಟು. ತಣ್ಣಗಿದ್ದಾಗ ಹೇಗೋ ತಡ್ಕೊಳ್ಳುತ್ತೆ. ಮೆಮ್‌ಟೆಸ್ಟ್ ಓಡುವಾಗ ಗ್ರಾಫಿಕ್ಸ್ ಕಾರ್ಡ್‌ಗೆ ಕೆಲಸ ಇಲ್ಲ, ನೀವು ಓಡಿಸಿದ್ದೂ ರಾತ್ರಿ. ಗೇಮ್ ಹಾಕಿದ್ರೆ ಕಾರ್ಡಿನ ಬಿಸಿಗಾಳಿಯೆಲ್ಲ ರ‍್ಯಾಮ್ ಮೇಲೆ. ಅಂಗಡಿಯವರು ಹೇಳಿದ್ದೇನಾದ್ರೂ ಇರಲಿ, ಸ್ಟಿಕ್ ಕೆಟ್ಟಿಲ್ಲ ಅನ್ಸುತ್ತೆ.

ಈಗಲೇ ಅದನ್ನ ಆಟೋಗೆ ಹಾಕಿ. ವೋಲ್ಟೇಜ್ ಏರಿಸಬೇಡಿ. ಡಿಡಿಆರ್5ರ ಮೂಲ ವೋಲ್ಟೇಜ್ 1.1, ಎಕ್ಸ್‌ಪೋ ಆಗಲೇ 1.35ಕ್ಕೋ 1.4ಕ್ಕೋ ಏರಿಸಿರುತ್ತೆ, ವೋಲ್ಟೇಜ್ ರೆಗ್ಯುಲೇಟರ್ ಚಿಪ್ಪೂ ಸ್ಟಿಕ್ ಮೇಲೇ ಕೂತಿದೆ, ಅದರ ಬಿಸಿಯೂ ಸೇರುತ್ತೆ. ಸಿಪಿಯುಗೆ ಲಿಕ್ವಿಡ್ ಕೂಲರ್ ಇದ್ರೆ ರ‍್ಯಾಮ್ ಹತ್ರ ಗಾಳಿ ಆಡೋದೇ ಕಮ್ಮಿ, ಅಲ್ಲಿಗೊಂದು 120 ಎಂಎಂ ಫ್ಯಾನ್ ನಿಧಾನಕ್ಕೆ ಬೀಸ್ಲಿ. ಆಮೇಲೆ ಗ್ರಾಫಿಕ್ಸ್ ಲೋಡ್ ಕೊಟ್ಟು, ಅದು ನಡೀತಿರುವಾಗಲೇ ವಿಂಡೋಸ್ ಒಳಗೆ ಮೆಮೊರಿ ಟೆಸ್ಟ್ ಮಾಡಿ, ಮಧ್ಯಾಹ್ನದ ಹೊತ್ತು. ನೀಲಿ ಸ್ಕ್ರೀನ್ ಬಂದಿದ್ದೇ ಪುಣ್ಯ. ಅದು ಬರದೇ ತಪ್ಪು ಬಿಟ್ ಸೀದಾ ಫೈಲ್‌ಗೆ ಹೋಗಿರಬಹುದು. ಈ ನಡುವೆ ತೆಗೆದ ಬ್ಯಾಕಪ್ ಇದ್ರೆ ಹಳೆಯದರ ಮೇಲೆ ಬರೀಬೇಡಿ.

ಮಹೇಶ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗುತ್ತೆ: "ರ‍್ಯಾಮ್ ಬಿಸಿಯಾದ್ರೆ ಹತ್ತು ನಿಮಿಷ ಫ್ರಿಜ್‌ನಲ್ಲಿಡಿ 🙏"

ರಾಘು: ಇಡಬೇಡಿ. ಹೊರಗೆ ತೆಗೆದ ಕೂಡಲೇ ಮೇಲೆ ನೀರು ಕಟ್ಟುತ್ತೆ, ಹಾಗೇ ಸಿಗಿಸಿದ್ರೆ ಬೋರ್ಡೇ ಹೋಗುತ್ತೆ. ಮುಂದೆ ಥರ್ಮಲ್ ಪೇಸ್ಟ್ ಹಚ್ಚೋ ಫಾರ್ವರ್ಡೂ ಬರುತ್ತೆ, ಅದನ್ನೂ ಇಲ್ಲಿ ಹಾಕ್ಬೇಡಿ.

ಬಸವರಾಜ: ಕ್ಯಾಬಿನೆಟ್ ಮುಂದ ರೂಮಿಗೆ ಇಡೂ ನೀರಿನ ಕೂಲರ್ ಇಡ್ಲೇನ್ರಿ?

ರಾಘು: ಬೇಡ. ತೇವ, ಧೂಳು ಸೇರಿ ಒಳಗೆಲ್ಲ ಕೆಸರಾಗುತ್ತೆ.

ಕಿರಣ್: 6000 ಎಲ್ಲ ಹಳೇ ಕಥೆ. ನಂದು ಇಂಟೆಲ್, 8000 ಓಡ್ತಿದೆ.

ಪ್ರದೀಪ್: ಕೇಳಿದ್ದು ರೈಜನ್‌ಗೆ. ಪೂರ್ತಿ ಓದಿ ಬರೀರಿ ಸ್ವಾಮಿ.

ಕಿರಣ್: ಎಎಂಡಿ ಬೋರ್ಡಲ್ಲೂ 8000 ಓಡುತ್ತೆ, ಗೊತ್ತಿಲ್ಲದೆ ಮಾತಾಡ್ಬೇಡಿ.

ಪ್ರದೀಪ್: ಓಡುತ್ತೆ, ಕಂಟ್ರೋಲರ್ ಅರ್ಧ ವೇಗದಲ್ಲಿ. ಗೇಮಲ್ಲಿ ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಫ್ರೇಮ್) ಜಾಸ್ತಿ ಬಂತು ಅಂತ ತೋರಿಸಿ ನೋಡೋಣ.

ಕಿರಣ್: ನಿಮಗ್ಯಾಕ್ರೀ ತೋರಿಸ್ಲಿ? ದುಡ್ಡು ನಂದು.

ಮಹೇಶ: ಒಳ್ಳೇದಕ್ಕೆ ಹಾಕಿದ್ರೂ ಇಲ್ಲಿ ಬೈಸ್ಕೋಬೇಕು.

ಶ್ವೇತಾ: ಸರ್, ಇಸಿಸಿ ಕೇಳಿದ್ದೆ...

ನವೀನ್: ಬ್ರೋ, ರೈಜನ್ 9600ಎಕ್ಸ್‌ಗೆ ಎಷ್ಟು ಸ್ಪೀಡ್ ರ‍್ಯಾಮ್ ಬೆಸ್ಟು?

ರಾಘು: ಮೇಲೆ ಓದಿ.

ನವೀನ್: ಆರ್‌ಜಿಬಿ ಬಣ್ಣದ ಲೈಟ್ ಇರೋ ರ‍್ಯಾಮ್ ತಣ್ಣಗಿರುತ್ತಂತೆ, ಹೌದಾ?

ರಾಘು: ಇಲ್ಲ. ಎತ್ತರ ಅಷ್ಟೇ ಜಾಸ್ತಿ. ಸಿಪಿಯು ಮೇಲಿನ ಏರ್ ಕೂಲರ್‌ಗೆ ತಗಲುತ್ತಾ ಅಂತ ಅಳತೆ ನೋಡಿ ತಗೊಳ್ಳಿ.

ಬಸವರಾಜ: ಆಟೋಕ್ಕ ಹಾಕೀನ್ರಿ ಸರ್. ಎರಡು ತಾಸ್ ಆತು, ನೀಲಿ ಸ್ಕ್ರೀನ್ ಬಂದಿಲ್ಲ. ಟೆಂಪರೇಚರ್ ಇನ್ನೂ 66 ಅದ.

ರಾಘು: ಫ್ಯಾನ್ ಹಾಕಿಲ್ಲ ಅಂದಂಗಾಯ್ತು. ಮೊದಲು ಹಾಕಿ, ಆಮೇಲೆ ನಾನು ಹೇಳಿದ ಟೆಸ್ಟ್. ಎರಡು ತಾಸಿನ ಗೇಮ್ ಟೆಸ್ಟ್ ಅಲ್ಲ.

ಕಿರಣ್: ನಂದು 8000ದಲ್ಲಿ 50 ದಾಟಲ್ಲ.

ಪ್ರದೀಪ್: ಮತ್ತೆ ಶುರು.